ತಲೆ ಎತ್ತದೆ ನೀರು ಕುಡಿಯುವ ಬೆಳವಕ್ಕಿ

ಲೋಕ ಇನ್ನೂ ಹೊಸದಾಗಿತ್ತು, ಕೂಸೇ. ಎಷ್ಟು ಹೊಸದು ಅಂದರೆ, ನೆಲದ ಹಸಿ ಇನ್ನೂ ಆರಿರಲಿಲ್ಲ. ಮುಗಿಲು ಈಗಿನ ಹಾಗೆ ಅಷ್ಟು ಎತ್ತರಕ್ಕೆ ಹೋಗಿ ಕೂತಿರಲಿಲ್ಲ, ಕರೆದರೆ ಓ ಎನ್ನುವಷ್ಟು ಹತ್ತಿರದಲ್ಲಿತ್ತು. ಹಳ್ಳಕ್ಕೆ ಮಾತು ಬರುತ್ತಿತ್ತು, ಗಾಳಿಗೆ ಮಾತು ಬರುತ್ತಿತ್ತು. ಹಕ್ಕಿಗಳ ವಿಚಾರವಂತೂ ಕೇಳುವುದೇ ಬೇಡ.

ಮುಗಿಲಪ್ಪ ಮೊದಲ ಮಳೆ ಸುರಿಸಿದ ದಿನ ಹಕ್ಕಿಗಳೆಲ್ಲ ಬಂದವು, ಹೊಟ್ಟೆ ತುಂಬ ನೀರು ಕುಡಿದವು, ಹಾರಿಹೋದವು. ಕೊಟ್ಟವರು ಯಾರು ಎಂದು ಒಬ್ಬರೂ ತಲೆ ಎತ್ತಿ ನೋಡಲಿಲ್ಲ. ಮುಗಿಲಪ್ಪನಿಗೆ ಬೇಜಾರಾಯಿತು. ದೊಡ್ಡವರಿಗೂ ಬೇಜಾರಾಗುತ್ತದೆ ಮಗೂ, ಅವರು ಹೇಳುವುದಿಲ್ಲ ಅಷ್ಟೆ. ಆದರೆ ಮುಗಿಲಪ್ಪ ಹೇಳಿಯೇಬಿಟ್ಟ.

"ಒಂದು ಗುಟುಕು ಕುಡದರ ಒಮ್ಮಿ ನನ್ನ ಕಡೆ ನೋಡ್ರಿ. ನನಗ ಮತ್ತೇನೂ ಬ್ಯಾಡ."

ಕೇಳಿದ್ದು ಸಣ್ಣ ಮಾತು, ಹಕ್ಕಿಗಳು ಒಪ್ಪಿಕೊಂಡವು. ಅಂದಿನಿಂದ ಅದೇ ಕಟ್ಟಳೆಯಾಯಿತು. ಕೊಕ್ಕು ಅದ್ದುವುದು, ಒಂದು ಗುಟುಕು ತೆಗೆದುಕೊಳ್ಳುವುದು, ಕೊರಳೆತ್ತಿ ಮುಗಿಲು ನೋಡುವುದು. ಮತ್ತೆ ಅದ್ದುವುದು, ಮತ್ತೆ ನೋಡುವುದು. ಆಗ ಪಾರಿವಾಳದ ಕುಲದ ಬೆಳವಕ್ಕಿಯೂ ಹಾಗೆಯೇ ಕುಡಿಯುತ್ತಿತ್ತು.

ಎರೆ ನೆಲದ ಒಂದು ದೊಡ್ಡ ಬಯಲು. ಬಯಲಲ್ಲಿ ಒಂದು ಜಾಲಿಯ ಮರ. ಅದರ ಮೇಲೆ ಬಾಳವ್ವ ಎಂಬ ಬೆಳವಕ್ಕಿಯ ಗೂಡು. ಬೆಳವಕ್ಕಿಯ ಗೂಡನ್ನು ಗೂಡು ಅನ್ನುವುದೇ ದೊಡ್ಡ ಮಾತು. ನಾಲ್ಕು ಕಡ್ಡಿ ಉದ್ದ, ನಾಲ್ಕು ಕಡ್ಡಿ ಅಡ್ಡ, ಕೆಳಗೆ ನಿಂತವರಿಗೆ ಒಳಗಿನ ಮೊಟ್ಟೆ ಕಾಣುತ್ತದೆ. ಆ ಕಡ್ಡಿಗಳನ್ನು ತಂದವನು ಅವಳ ಗಂಡ ಅಡಿವೆಪ್ಪ. ಬಯಲ ತುಂಬ ನೆಟ್ಟಗಿನ ಕಡ್ಡಿಗಳಿದ್ದರೂ ಸೊಟ್ಟನೆಯದನ್ನೇ ಆರಿಸಿ ತರುತ್ತಿದ್ದ. ಬಾಳವ್ವ ನಗುತ್ತ ಅದನ್ನೇ ಗೂಡಿಗೆ ಸೇರಿಸುತ್ತಿದ್ದಳು.

ಮೊಟ್ಟೆ ಒಡೆಯುವ ಮೊದಲೇ ಒಂದು ಮುಂಜಾನೆ ಅಡಿವೆಪ್ಪ ಹಳ್ಳಕ್ಕೆ ನೀರು ಕುಡಿಯಲು ಹೋದ. ಒಂದು ಗುಟುಕು ಕುಡಿದ. ಕಟ್ಟಳೆಯಂತೆ ಕೊರಳೆತ್ತಿದ. ಬಿಸಿಲಿಗೆ ಅವನ ಕಣ್ಣು ಮುಚ್ಚಿಕೊಂಡಿತು, ಆ ಚಣದಲ್ಲೇ ಗಿಡುಗ ಬಂದು ಅವನನ್ನು ಎತ್ತಿಕೊಂಡು ಹೋಯಿತು. ಹಳ್ಳದ ದಂಡೆಯಲ್ಲಿ ಎರಡು ಪುಕ್ಕ ಉಳಿದವು. ಗಾಳ್ಯಪ್ಪ ಅವನ್ನು ಬಾಳವ್ವನ ಗೂಡಿಗೆ ತಂದು ಸುದ್ದಿ ಹೇಳಿದ.

ಬಾಳವ್ವ ಅಳಲಿಲ್ಲ. ಎದ್ದರೆ ಮೊಟ್ಟೆ ತಣ್ಣಗಾಗುತ್ತವೆ ಎಂದು ಹಾಗೆಯೇ ಕಾವು ಕೊಡುತ್ತ ಕೂತಳು. ಮೊಟ್ಟೆ ಒಡೆದು ಎರಡು ಮರಿ ಹೊರಬಂದವು. ಮೊದಲು ಬಂದವನಿಗೆ ದೊಡ್ಯಾ ಎಂದಳು, ಆಮೇಲೆ ಬಂದವನಿಗೆ ಸಣ್ಯಾ ಎಂದಳು. ಮೈಮೇಲೆ ಪುಕ್ಕವಿಲ್ಲ, ಮುಚ್ಚಿದ ಕಣ್ಣು, ಮುಖಕ್ಕಿಂತ ದೊಡ್ಡ ಕೊಕ್ಕು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಬಾಳವ್ವನಿಗೆ ಅವರಿಗಿಂತ ಚೆಂದದವರು ಲೋಕದಲ್ಲೇ ಇರಲಿಲ್ಲ.

"ನಿಮ್ಮಪ್ಪನ್ನ ಕಳಕೊಂಡೆ. ನಿಮ್ಮನ್ನ ಕಳಕೊಳ್ಳಾಂಗಿಲ್ಲ. ರೆಕ್ಕಿ ಬಲಿತು ಹಾರೂತನ ನಿಮ್ಮನ್ನ ಬಿಟ್ಟು ಕಣ್ಣು ತೆಗೆಯಾಂಗಿಲ್ಲ" ಎಂದು ಮರಿಗಳಿಗೆ ಹೇಳಿದಳು.

ಬೆಳವಕ್ಕಿಯ ಮರಿಗಳು ಹುಳ ತಿನ್ನುವುದಿಲ್ಲ, ಕೂಸೇ. ತಾಯಿ ಕಾಳು ತಿಂದು, ನೀರು ಕುಡಿದು, ಕೊರಳಿನ ಚೀಲದಲ್ಲಿ ಹಾಲು ಮಾಡುತ್ತಾಳೆ. ತಂದೆಯೂ ಮಾಡುತ್ತಾನೆ. ಮರಿಗಳು ತಮ್ಮ ಕೊಕ್ಕನ್ನು ದೊಡ್ಡವರ ಬಾಯೊಳಗೆ ಇಟ್ಟು ಆ ಹಾಲು ಕುಡಿಯುತ್ತವೆ. ಇಬ್ಬರು ಮಾಡಬೇಕಾದ ಹಾಲನ್ನು ಈಗ ಬಾಳವ್ವ ಒಬ್ಬಳೇ ಮಾಡಬೇಕಿತ್ತು.

ಕಾಳಿಗೇನೂ ಕೊರತೆ ಇರಲಿಲ್ಲ. ಜಾಲಿಯ ಬುಡದಲ್ಲೇ ಸಾವೆ ಹುಲ್ಲು ಬೆಳೆದು ಕಾಳು ಉದುರಿ ಬಿದ್ದಿತ್ತು. ಕೆಳಗಿಳಿದು ಹೆಕ್ಕುತ್ತ ಒಂದು ಕಣ್ಣು ಗೂಡಿನ ಮೇಲೆ ಇಡಬಹುದಿತ್ತು. ಆದರೆ ಹಳ್ಳ ಬಯಲಿನ ಆಚೆ ತುದಿಯಲ್ಲಿತ್ತು. ಅಲ್ಲಿಂದ ಗೂಡು ಕಾಣುವುದಿಲ್ಲ. ಹೋಗಬೇಕು, ಒಂದೊಂದು ಗುಟುಕಿಗೂ ಮುಗಿಲು ನೋಡಬೇಕು, ಬರಬೇಕು. ಮುಗಿಲು ನೋಡಿದರೆ ಅವಳಿಗೆ ಗಿಡುಗನೇ ಕಾಣುತ್ತಿತ್ತು.

ಮೊದಲ ದಿನ ಗಾಳ್ಯಪ್ಪ ಬಂದು ಜಾಲಿಯ ಟೊಂಗೆ ಅಲುಗಿಸಿದ. "ಬಾಳವ್ವಾ, ಹಳ್ಳದಾಯಿ ಕೇಳಾಕತ್ತಾಳ. ಮೊಮ್ಮಗಳು ನೀರಿಗೆ ಬಂದಿಲ್ಲಲ್ಲ ಅಂತ."

ಹಳ್ಳವನ್ನು ಹಕ್ಕಿಗಳೆಲ್ಲ ಆಯಿ ಎಂದೇ ಕರೆಯುತ್ತಿದ್ದವು, ಅಜ್ಜಿಯನ್ನು ಕರೆಯುವ ಹಾಗೆ.

"ಆಮ್ಯಾಲೆ ಬರ್ತೀನಂತ ಹೇಳು ಮಾವಾ. ಹುಡುಗ್ರು ಈಗ ಮಲಗ್ಯಾರ" ಎಂದಳು ಬಾಳವ್ವ.

ಮಾರನೆಯ ದಿನ ಗಾಳ್ಯಪ್ಪ ಮತ್ತೆ ಬಂದ. "ಆಯಿ ಕೇಳಾಕತ್ತಾಳ."

"ಆಮ್ಯಾಲೆ ಮಾವಾ. ಹುಡುಗ್ರು ಈಗ ಎದ್ದಾರ."

ಮಲಗಿದ್ದರೂ ಆಮೇಲೆ, ಎದ್ದಿದ್ದರೂ ಆಮೇಲೆ. ನಾಳೆ ಅಂದವನ ಮನೆ ಹಾಳು ಅಂತ ಸುಮ್ಮನೆ ಹೇಳುತ್ತಾರೆಯೇ? ಆದರೆ ಬಾಳವ್ವನನ್ನು ಬೈಯಲು ನನಗೆ ಮನಸ್ಸು ಬಾರದು. ಅವಳದು ಸೋಮಾರಿತನವಲ್ಲ, ಭಯ. ಎರಡು ಪುಕ್ಕ ನೋಡಿದ ಕಣ್ಣು ಅದು.

ಬೆಳಗಿನ ಮಂಜಿನಲ್ಲಿ ಎಲೆಯ ತುದಿಗೆ ನಿಂತ ಹನಿಯನ್ನು ಚೀಪಿ, ಇಷ್ಟು ಸಾಕು ಎನ್ನುತ್ತಿದ್ದಳು. ಮೊದಮೊದಲು ಬಾಯಾರಿಕೆ ಅವಳನ್ನು ಬಹಳ ಕಾಡಿತು. ನಾಲಿಗೆ ಅಂಟಿತು, ತಲೆ ಸುತ್ತಿತು. ಅವಳು ಓ ಎನ್ನಲಿಲ್ಲ. ಬಾಯಾರಿಕೆಯೂ ಬಾಗಿಲಿಗೆ ಬಂದ ನೆಂಟನ ಹಾಗೆ ಮಗೂ, ನಾಲ್ಕು ಸಲ ಕರೆಯುತ್ತದೆ, ಒಳಗಿನವರು ಬರದಿದ್ದರೆ ಕರೆಯುವುದನ್ನು ಬಿಡುತ್ತದೆ. ಬಾಳವ್ವನ ಬಾಯಾರಿಕೆಯೂ ಕರೆಯುವುದನ್ನು ಬಿಟ್ಟಿತು. ಅವಳು ಅದನ್ನು ಒಳ್ಳೆಯದೆಂದು ತಿಳಿದಳು.

"ನನಗ ನೀರೂ ಬೇಕಾಗಂಗಿಲ್ಲ ನೋಡು ಮಾವಾ. ರೂಢಿ ಆತು" ಎಂದು ಗಾಳ್ಯಪ್ಪನಿಗೆ ಹೆಮ್ಮೆಯಿಂದ ಹೇಳಿದಳು.

ಗಾಳ್ಯಪ್ಪ ಬಯಲಿನ ಕಡೆ ತಿರುಗಿ ಹೋದ. ಬಿಸಿಲೇರಿದ್ದರಿಂದ ಅವನೇ ಬಿಸಿಯಾಗಿದ್ದ.

ಅಷ್ಟರಲ್ಲಿ ಗೂಡಿನಲ್ಲಿ ಸಣ್ಯಾ ಅಳತೊಡಗಿದ. ದೊಡ್ಯಾ ಮುಂದೆ ನುಗ್ಗಿ ಕುಡಿಯುವವನು, ಅವನಿಗೆ ಹೇಗೋ ಸಾಕಾಗುತ್ತಿತ್ತು. ಸಣ್ಯಾ ತನ್ನ ಸರದಿ ಬರಲಿ ಎಂದು ಕಾಯುವವನು. ಅವನ ಸರದಿ ಬರುವ ಹೊತ್ತಿಗೆ ತಾಯಿಯ ಕೊರಳಲ್ಲಿ ಹಾಲು ಹಿಟ್ಟಿನ ಹಾಗೆ ಗಟ್ಟಿಯಾಗಿರುತ್ತಿತ್ತು.

"ಯವ್ವಾ, ಒಳಗ ಉರಿತೈತಿ" ಎಂದ ಸಣ್ಯಾ.

"ಹಸಿವು ಅದು, ನನ್ನಪ್ಪ. ತಡಿ, ಕಾಳು ತಿಂದು ಬರ್ತೀನಿ."

ಅವಳು ಇಳಿದು ಇನ್ನಷ್ಟು ಕಾಳು ತಿಂದಳು. ಒಣ ಕಾಳು. ಬಂದು ಬಾಯಿ ತೆರೆದಳು. ಸಣ್ಯಾ ಕೊಕ್ಕು ಇಟ್ಟ, ಎಳೆದ, ಏನೂ ಬರಲಿಲ್ಲ.

"ಯವ್ವಾ, ಇನ್ನೂ ಉರಿತೈತಿ."

"ಹಸಿವು ಹೋಗಿಲ್ಲ ನಿಂದು. ತಡಿ, ಇನ್ನಷ್ಟು ತರ್ತೀನಿ."

ಅವನು ಅತ್ತಷ್ಟೂ ಅವಳು ಕಾಳು ತಿಂದಳು, ಕಾಳು ತಿಂದಷ್ಟೂ ಅವಳ ಕೊರಳು ಒಣಗಿತು. ಸಂಜೆಯ ಹೊತ್ತಿಗೆ ಸಣ್ಯಾ ಅಳುವುದನ್ನು ನಿಲ್ಲಿಸಿದ. ಹೊಟ್ಟೆ ತುಂಬಿ ಮಲಗಿದನೆಂದು ತಿಳಿದು ಬಾಳವ್ವ ಅವನನ್ನು ರೆಕ್ಕೆಯ ಕೆಳಗೆ ಸೇರಿಸಿಕೊಂಡಳು.

ಬೆಳಗಾಯಿತು. ಅದೇ ಜಾಲಿಯ ಪೊಟರೆಯಲ್ಲಿ ಪಾರವ್ವ ಎಂಬ ಗೊರವಂಕ ಇದ್ದಳು. ಬಾಯಿ ಜೋರು, ಮನಸ್ಸು ಮೆತ್ತಗೆ. ತನ್ನ ಮರಿಗಳಿಗೆ ದಪ್ಪ ಹಸಿರು ಹುಳವೊಂದನ್ನು ಹಿಡಿದು ತರುತ್ತಿದ್ದವಳು ಗೂಡಿನ ಕಡೆ ನೋಡಿ ಗಕ್ಕನೆ ನಿಂತಳು. ಹುಳವನ್ನು ಟೊಂಗೆಯ ಮೇಲಿಟ್ಟು ಕಾಲಲ್ಲಿ ಒತ್ತಿಕೊಂಡಳು.

"ಯಕ್ಕಾ, ನಿನ್ನ ಸಣ್ಣಾಂವ ಯಾಕ ಹಿಂಗ ಬಾಯಿ ಬಿಟ್ಕೊಂಡು ಮಲಗ್ಯಾನ?"

"ಹಸಿವು ಪಾರವ್ವಾ. ಎಷ್ಟು ಕೊಟ್ಟರೂ ಸಾಲವಲ್ದು."

"ನೀ ನೀರು ಕುಡದು ಎಷ್ಟು ದಿನಾತು?"

ಬಾಳವ್ವ ನೆನಪು ಮಾಡಿಕೊಳ್ಳಲು ನೋಡಿದಳು. ನೆನಪಾಗಲಿಲ್ಲ. "ನನಗ ಬಾಯಾರಿಕಿ ಆಗಂಗಿಲ್ಲ ಬೇ" ಎಂದಳು.

"ನಿನ್ನ ಬಾಯಾರಿಕಿ ಯಾರು ಕೇಳಿದ್ರು?" ಪಾರವ್ವ ದನಿ ಏರಿಸಿದಳು. "ನನ್ನ ಮಕ್ಕಳಿಗೆ ಹುಳದಾಗ ನೀರೈತಿ. ನಿನ್ನ ಮಕ್ಕಳಿಗೆ ಎಲ್ಲೈತಿ ಯಕ್ಕಾ? ಅವಕ್ಕ ಹಳ್ಳ ಅಂದರೂ ನಿನ್ನ ಕೊರಳ, ಕೆರಿ ಅಂದರೂ ನಿನ್ನ ಕೊರಳ. ಆಂವ ಹಸಿವು ಅಂದಿಲ್ಲ. ಆಂವ ನೀರು ಬೇಡ್ಯಾನ. ಹೋಗು! ನಿನ್ನ ಮಕ್ಕಳನ್ನ ನಾ ನೋಡ್ತೀನಿ, ಹೋಗು!"

ಕಾಲ ಕೆಳಗಿನ ಹುಳ ತೆವಳಿ ಹೋದದ್ದು ಕೂಡ ಪಾರವ್ವನಿಗೆ ತಿಳಿಯಲಿಲ್ಲ.

ಇಷ್ಟು ದಿನ ತಾನು ತ್ಯಾಗ ಮಾಡುತ್ತಿದ್ದೇನೆಂದು ಬಾಳವ್ವ ತಿಳಿದಿದ್ದಳು. ತಾನು ಬಿಟ್ಟದ್ದು ತನ್ನ ಪಾಲಿನ ನೀರಲ್ಲ, ಮಕ್ಕಳ ಪಾಲಿನದು ಎಂಬುದು ಆಗ ಹೊಳೆಯಿತು. ಮೈಯಲ್ಲಿ ಶಕ್ತಿ ಇರಲಿಲ್ಲ, ಆದರೂ ಹಾರಿದಳು. ಗಾಳ್ಯಪ್ಪ ಅವಳ ಹಿಂದಿನಿಂದ ಬಂದು ರೆಕ್ಕೆಗೆ ಹೆಗಲು ಕೊಟ್ಟ.

ಹಳ್ಳದಲ್ಲಿ ಹಕ್ಕಿಗಳೆಲ್ಲ ಸಾಲಾಗಿ ಕೂತು ಕಟ್ಟಳೆಯಂತೆ ನೀರು ಕುಡಿಯುತ್ತಿದ್ದವು. ಒಂದು ಗುಟುಕು, ಒಂದು ನೋಟ. ಒಂದು ಗುಟುಕು, ಒಂದು ನೋಟ.

"ಬಂದ್ಯಾ ಯವ್ವಾ" ಎಂದಳು ಹಳ್ಳದಾಯಿ, ಅಷ್ಟೇ.

ಬಾಳವ್ವ ಕೊಕ್ಕು ಅದ್ದಿ ಒಂದು ಗುಟುಕು ಕುಡಿದಳು. ಕೊರಳೆತ್ತಿದಳು. ಎತ್ತಿದ ಕೊರಳಲ್ಲಿ ಆ ಒಂದು ಗುಟುಕು ಇಳಿಯುವಷ್ಟರಲ್ಲಿ ಅವಳ ಕಣ್ಣ ಮುಂದೆ ಸಣ್ಯಾನ ಬಿಟ್ಟ ಬಾಯಿ ಬಂತು. ಈ ಗುಟುಕು ನೋಟದ ಲೆಕ್ಕದಲ್ಲಿ ಕೊರಳು ಯಾವಾಗ ತುಂಬೀತು? ಅವಳು ತಲೆ ತಗ್ಗಿಸಿದಳು. ಕೊಕ್ಕನ್ನು ಕಣ್ಣಿನ ತನಕ ಮುಳುಗಿಸಿದಳು. ಮತ್ತೆ ಎತ್ತಲಿಲ್ಲ. ಗಟಗಟ ಎಳೆದಳು, ಎಳೆದಳು, ಎಳೆಯುತ್ತಲೇ ಇದ್ದಳು.

"ಅಯ್ಯಯ್ಯ, ಕಟ್ಟಳಿ ಮುರದಳಲ್ಲ!" ಎಂದು ಮುದಿ ಕೊಕ್ಕರೆಯೊಂದು ಕೂಗಿತು. "ಮುಗಿಲಪ್ಪನ್ನ ನೋಡಲಿಲ್ಲ! ಒಮ್ಮಿನೂ ನೋಡಲಿಲ್ಲ!"

ಬಾಳವ್ವನಿಗೆ ಅದು ಕೇಳಿಸಲೂ ಇಲ್ಲ. ಕೊರಳು ತುಂಬಿ ಉಬ್ಬಿದ ಮೇಲೆ ಎದ್ದು ಗೂಡಿಗೆ ಹಾರಿದಳು.

ದೊಡ್ಯಾ ಕೊಕ್ಕು ತೆರೆದು ಕಾಯುತ್ತಿದ್ದ. ನುಗ್ಗಿ ಬಂದು ಕುಡಿದ. ಈ ಸಲ ಬಾಳವ್ವ ಅವನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಸಣ್ಯಾನ ಕೊಕ್ಕನ್ನು ತನ್ನ ಬಾಯೊಳಗೆ ಇಟ್ಟುಕೊಂಡಳು.

"ಕುಡಿ ನನ್ನಪ್ಪ. ನೀರು ತಂದೀನಿ. ಈಗ ನಿನ್ನ ಸರದಿ."

ನೀರು ಅವನ ಕೊಕ್ಕಿನೊಳಗೆ ಹೋಯಿತು. ಕೊಕ್ಕಿನ ಬದಿಯಿಂದ ಹಾಗೆಯೇ ಹೊರಗೆ ಬಂತು. ಸೊಟ್ಟ ಕಡ್ಡಿಗಳ ನಡುವೆ ಸೋರಿ ಹನಿಹನಿಯಾಗಿ ಜಾಲಿಯ ಬುಡಕ್ಕೆ ಬಿತ್ತು.

ಪಾರವ್ವ ಪಕ್ಕದ ಟೊಂಗೆಯಲ್ಲಿ ತಲೆ ತಗ್ಗಿಸಿ ಕೂತಿದ್ದಳು. "ನೀ ಹೋದ ಮ್ಯಾಲೆ ಒಮ್ಮಿ ಕಣ್ಣು ತೆರದ, ಯಕ್ಕಾ" ಎಂದಳು. "ಆಮ್ಯಾಲೆ ತೆರಿಲಿಲ್ಲ."

ಬಾಳವ್ವ ಆ ಮಾತಿಗೆ ಕಿವಿಗೊಡಲಿಲ್ಲ. ಇನ್ನೊಮ್ಮೆ ಕುಡಿಸಲು ನೋಡಿದಳು. ಮತ್ತೊಮ್ಮೆ ನೋಡಿದಳು. ಊರಿಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರೆ ನೀರು ಬರುವುದಿಲ್ಲವೆಂದಲ್ಲ, ಬರುತ್ತದೆ. ಅಷ್ಟರಲ್ಲಿ ಊರು ಇರುವುದಿಲ್ಲ. ಗಂಡ ಹೋದಾಗ ಅಳದ ಬಾಳವ್ವ ಅವತ್ತು ಅತ್ತಳು. ಅಡಿವೆಪ್ಪನದೂ ಸಣ್ಯಾನದೂ ಸೇರಿಸಿ ಅತ್ತಳು. ಬಯಲಿನ ಹುಲ್ಲೂ ಅಲುಗಾಡಲಿಲ್ಲ, ಗಾಳ್ಯಪ್ಪ ಅಲ್ಲೇ ಕೂತುಬಿಟ್ಟಿದ್ದ.

ಕಟ್ಟಳೆ ಮುರಿದವಳಿಗೆ ಮುಗಿಲಪ್ಪ ಏನು ಮಾಡುತ್ತಾನೋ ಎಂದು ನೋಡಲು ಹಕ್ಕಿಗಳೆಲ್ಲ ಜಾಲಿಯ ಸುತ್ತ ಸೇರಿದವು. ಮುಗಿಲಪ್ಪ ಮರದ ತುದಿಯ ತನಕ ಇಳಿದು ಬಂದ.

"ಮುಗಿಲಪ್ಪಾ, ನಾ ನಿನ್ನ ನೋಡಲಿಲ್ಲ" ಎಂದಳು ಬಾಳವ್ವ. "ತಪ್ಪಾತು. ಹಿಂಗ ನೋಡದನ ಇನ್ನೂ ಮೊದಲ ಕುಡಿಬೇಕಿತ್ತು."

ಮುಗಿಲಪ್ಪ ಗೂಡಿನಲ್ಲಿದ್ದ ಸಣ್ಯಾನ ಕಡೆ ನೋಡಿದ. "ನೋಡ್ರಿ ಅಂದಾಂವ ನಾನ" ಎಂದ. "ನಿನ್ನ ಗಂಡ ನನ್ನನ್ನ ನೋಡೂ ಹೊತ್ತಿನ್ಯಾಗ ಹೋದ. ಇನ್ನ ನೀ ನೋಡೂದು ಬ್ಯಾಡ ಯವ್ವಾ. ನಿನ್ನ ಕುಲದಾಗ ಯಾರೂ ನೋಡೂದು ಬ್ಯಾಡ. ತಲಿ ಬಗ್ಗಿಸು, ಕೊರಳು ತುಂಬೂತನ ಕುಡಿ, ಮಕ್ಕಳ ಕಡೆ ಹೋಗು. ನನಗ ಅಷ್ಟ ಸಾಕು."

ಹೀಗೆಂದು ಮುಗಿಲಪ್ಪ ಮೇಲೆ ಸರಿದ. ಹಕ್ಕಿಗಳ ಮುಖ ನೋಡಲು ಅವನಿಗೆ ನಾಚಿಕೆಯಾಯಿತೋ ಏನೋ, ಮೇಲೆ ಮೇಲೆ ಸರಿಯುತ್ತ ಹೋಗಿ ಈಗಿರುವ ಎತ್ತರದಲ್ಲಿ ಕೂತ.

ದೊಡ್ಯಾನ ರೆಕ್ಕೆ ಬಲಿತವು. ಅವನು ಮೊದಲ ಸಲ ಹಾರಿದ ಮುಂಜಾನೆ ಬಾಳವ್ವ ಅವನನ್ನು ಸಾವೆ ಹುಲ್ಲಿಗೆ ಕರೆದೊಯ್ಯಲಿಲ್ಲ. ನೇರ ಹಳ್ಳಕ್ಕೆ ಕರೆದೊಯ್ದಳು.

"ಬಾಯಾರಿಕಿ ಇಲ್ಲ ಯವ್ವಾ" ಎಂದ ದೊಡ್ಯಾ.

"ಬಾಯಾರಿಕಿ ಕೇಳಿ ಕುಡಿಬ್ಯಾಡ, ಮಗನ. ಅದು ಕರದೀತು ಅಂತ ಕಾಯಬ್ಯಾಡ. ಮುಂಜಾನಿ ಬಾ, ಸಂಜಿಕ ಬಾ, ಕಾಳು ತಿಂದಾಗೆಲ್ಲ ಬಾ. ಕರದರೂ ಬಾ, ಕರೀದಿದ್ದರೂ ಬಾ."

ದೊಡ್ಯಾ ತಲೆ ಬಗ್ಗಿಸಿ ಕುಡಿದ. ಅವನು ತನ್ನ ಮಕ್ಕಳಿಗೆ ಕಲಿಸಿದ, ಅವರು ಅವರ ಮಕ್ಕಳಿಗೆ. ಆ ರೂಢಿ ಇವತ್ತಿಗೂ ತಪ್ಪಿಲ್ಲ.

ಬಾಳವ್ವ ಮಾತ್ರ ದಿನವೂ ನೀರು ಕುಡಿದು ಬಂದ ಮೇಲೆ ಅದೇ ಜಾಲಿಯ ಮೇಲೆ ಕೂರುತ್ತಿದ್ದಳು. ಕೊರಳು ಉಬ್ಬಿಸಿ, ತಲೆ ಬಾಗಿಸಿ, ಸಣ್ಯಾನನ್ನು ಕರೆಯುತ್ತಿದ್ದಳು. ಕೊರಳು ತುಂಬೈತಿ ಬಾ, ಈಗ ನಿನ್ನ ಸರದಿ ಬಾ ಎಂದು. ಕರೆದು, ಸುಮ್ಮನೆ ಕೂತು ಕೇಳುತ್ತಿದ್ದಳು. ಮತ್ತೆ ಕರೆಯುತ್ತಿದ್ದಳು.

ಮಾಳಿಗೆಯ ಮೇಲೆ ಅಗಲ ಬಾಯಿಯ ಮಣ್ಣಿನ ತಟ್ಟೆಯಲ್ಲಿ ನೀರಿಟ್ಟು ದೂರ ನಿಂತು ನೋಡು, ಕೂಸೇ. ಗುಬ್ಬಿ ಬರುತ್ತದೆ, ಕಾಗೆ ಬರುತ್ತದೆ, ಒಂದೊಂದು ಗುಟುಕಿಗೂ ಮುಗಿಲು ನೋಡುತ್ತವೆ. ಬೆಳವಕ್ಕಿ ಬಂದರೆ ಮಾತ್ರ ಕೊಕ್ಕು ಮುಳುಗಿಸಿ, ಕೊರಳು ತುಂಬುವ ತನಕ ತಲೆ ಎತ್ತದೆ ಕುಡಿಯುತ್ತದೆ. ಆಮೇಲೆ ಹತ್ತಿರದ ಮರಕ್ಕೆ ಹಾರಿ, ಕೊರಳು ಉಬ್ಬಿಸಿ ಕರೆದು, ಯಾರಾದರೂ ಓ ಎಂದಾರೇನೋ ಎಂದು ಇವತ್ತಿಗೂ ಸ್ವಲ್ಪ ಹೊತ್ತು ಸುಮ್ಮನೆ ಕೂತು ಕೇಳುತ್ತದೆ.