ಗೋಸುಂಬೆ ಆಡಿದ ಮೊದಲ ಮಾತು

ಲೋಕ ಆಗಿನ್ನೂ ಹಸಿಹಸಿಯಾಗಿತ್ತು. ಬೆಟ್ಟಗಳು ಸರಿಯಾಗಿ ಗಟ್ಟಿಯಾಗಿರಲಿಲ್ಲ, ಹೊಳೆಗಳಿಗೆ ತಮ್ಮ ದಾರಿ ಬಾಯಿಪಾಠವಾಗಿರಲಿಲ್ಲ. ಆದರೆ ಮಾತು ಎಲ್ಲಕ್ಕೂ ಬರುತ್ತಿತ್ತು. ಗಾಳಿ ಮಾತಾಡುತ್ತಿತ್ತು, ಹೊಳೆ ಮಾತಾಡುತ್ತಿತ್ತು, ಇರುವೆ ಕೂಡ ಮಾತಾಡುತ್ತಿತ್ತು. ಗೋಸುಂಬೆಗೆ ಮಾತ್ರ ಮಾತಿರಲಿಲ್ಲ. ದನಿ ಹಂಚಿದ ದಿನ ಅದು ಒಂದೊಂದೇ ಹೆಜ್ಜೆ ತೂಗುತ್ತಾ ಬರುವಷ್ಟರಲ್ಲಿ ಎಲ್ಲ ಮುಗಿದುಹೋಗಿತ್ತು. ಮೈಗೂ ಒಂದೇ ಬಣ್ಣ, ತರಗೆಲೆಯ ಬಣ್ಣ.

ಇಂಥ ಗೋಸುಂಬೆಯೊಂದನ್ನು ಕೆಂಚಿ ಎಂಬ ಹುಡುಗಿ ತಂಗಡಿ ಗಿಡದಿಂದ ಬಿಡಿಸಿಕೊಂಡು ಮನೆಗೆ ತಂದಳು.

"ಇದನ್ನ ನಾನೇ ಸಾಕ್ತೀನಪ್ಪಾ."

"ಸಾಕೋದು ಗೊತ್ತೇನೇ?" ಅಪ್ಪ ಕೇಳಿದ.

"ಅದರಲ್ಲೇನಿದೆ?"

ಓಡಿಹೋದೀತೆಂದು ಗಡಿಗೆಯೊಳಗಿಟ್ಟು ಮುಚ್ಚಿದಳು. ಹಸಿದೀತೆಂದು ರಾಗಿಮುದ್ದೆ ಮುರಿದು ಹಾಕಿದಳು. ಬಾಯಾರೀತೆಂದು ಬಟ್ಟಲ ತುಂಬ ನೀರಿಟ್ಟಳು. ಬೇಸರವಾದೀತೆಂದು ಗಳಿಗೆಗೊಮ್ಮೆ ಹೊರತೆಗೆದು ಎದೆಗವಚಿಕೊಂಡಳು.

ಮೂರನೆಯ ಬೆಳಿಗ್ಗೆ ಮುಚ್ಚಳ ತೆಗೆದರೆ ಗೋಸುಂಬೆ ಮಗ್ಗುಲಾಗಿ ಬಿದ್ದಿತ್ತು. ಕಣ್ಣು ಗುಳಿಬಿದ್ದಿತ್ತು. ಮುದ್ದೆ ಹಾಗೇ ಇತ್ತು, ನೀರೂ ಹಾಗೇ ಇತ್ತು.

ಕೆಂಚಿ ಗಡಿಗೆಯೊಳಕ್ಕೆ ಕೈ ಹಾಕಿದಳು. ಅದನ್ನು ಮುಷ್ಟಿಯಲ್ಲಿ ಹಿಡಿದು ಹೊರಗೋಡಿದಳು.

"ಹೊಳೆಯಕ್ಕಾ, ನೀರಿಟ್ಟರೂ ಇದ್ಯಾಕೆ ಕುಡೀಲಿಲ್ಲ?"

"ನಿಂತ ನೀರು ಅದಕ್ಕೆ ನೀರು ಅಂತಲೇ ತಿಳಿಯೋಲ್ಲ ಮಗಾ," ಎಂದಿತು ಹೊಳೆ. "ಎಲೆ ಮೇಲಿನ ಹನಿ ನೆಕ್ಕಿ ಬದುಕೋ ಜೀವ ಅದು."

"ಗಾಳಿಯಣ್ಣಾ, ಮುದ್ದೆ ಹಾಕಿದರೂ ಯಾಕೆ ತಿನ್ನಲಿಲ್ಲ?"

"ಅದು ತಿನ್ನೋದು ಹುಳಹುಪ್ಪಟೆ," ಎಂದಿತು ಗಾಳಿ. "ಮುಚ್ಚಿದ ಗಡಿಗೆಯೊಳಕ್ಕೆ ಯಾವ ಹುಳ ಬರ್ತದೆ?"

ಕೆಂಚಿ ತಂಗಡಿ ಗಿಡದ ಬುಡಕ್ಕೆ ಓಡಿದಳು. ಗೋಸುಂಬೆಯ ಹೊಟ್ಟೆ ಆಡುತ್ತಿದೆಯೋ ಇಲ್ಲವೋ ಎಂಬಂತಿತ್ತು.

"ಬೇಗ ಹೇಳು, ಇನ್ನೇನು ತಪ್ಪು ಮಾಡಿದೆ?"

ಅದು ಬಾಯಿ ತೆರೆಯಿತು. ದನಿ ಬರಲಿಲ್ಲ.

ಆಗತಾನೇ ಗುಡ್ಡದ ಮೇಲೆ ಎಳೆಬಿಸಿಲು ಹರಡುತ್ತಿತ್ತು. "ಬಿಸಿಲಪ್ಪಾ, ಇದಕ್ಕೊಂದು ದನಿ ಕೊಡು! ನೋವೇನಂತ ಹೇಳದಿದ್ದರೆ ನಾನು ಹೇಗೆ ಉಳಿಸಲಿ?"

"ದನಿ ನನ್ನಲ್ಲಿಲ್ಲ ಕೂಸೇ, ಬಣ್ಣ ಇದೆ," ಎಂದಿತು ಬಿಸಿಲು. "ಕೊಡ್ತೀನಿ. ಆದರೆ ಅದು ಏನು ಹೇಳಿದರೂ ನೀನು ಕೇಳಬೇಕು."

"ಕೇಳ್ತೀನಿ."

ಬಿಸಿಲು ಗೋಸುಂಬೆಯ ಬೆನ್ನು ಸವರಿತು.

ಗೋಸುಂಬೆ ಕಪ್ಪಾಯಿತು. ಮಸಿಯಷ್ಟು ಕಪ್ಪು.

"ಅಯ್ಯೋ, ಸತ್ತೋಗ್ತಿದೆ!" ಮುಷ್ಟಿ ಬಿಗಿಯಾಯಿತು. ಕಪ್ಪು ಇನ್ನೂ ಕಪ್ಪಾಯಿತು. ಗಾಬರಿಗೆ ಕೈ ಸಡಿಲಿತು. ಕಪ್ಪು ತುಸು ತಿಳಿಯಾಯಿತು.

ಕೆಂಚಿ ತನ್ನ ಕೈಯನ್ನೇ ನೋಡಿದಳು.

"ನಾನಾ? ನನ್ನ ಕಂಡರೇ ಭಯಾನಾ ನಿಂಗೆ?"

ಕೆಂಚಿ ಮಾತು ಕೊಟ್ಟಾಗಿತ್ತು. ಗೋಸುಂಬೆಯನ್ನು ಮೆಲ್ಲಗೆ ಕೊಂಬೆಗೆ ಬಿಟ್ಟಳು. ಒಂದು ಹೆಜ್ಜೆ ಹಿಂದೆ ಸರಿದಳು. ಎರಡು ಹೆಜ್ಜೆ. ಹತ್ತು ಹೆಜ್ಜೆ.

ಎಷ್ಟು ಹೊತ್ತಾದರೂ ಅದು ಅಲ್ಲಾಡಲಿಲ್ಲ. ಓಡಿಹೋಗಿ ಎತ್ತಿಕೊಳ್ಳಲು ಕೆಂಚಿಯ ಕೈ ತುಡಿಯಿತು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

ಕೊನೆಗೆ ಒಂದು ಪಾದ ಕಡ್ಡಿಯನ್ನು ಹಿಡಿಯಿತು. ನಾಲಿಗೆ ಎಲೆಯ ಮೇಲಿನ ಇಬ್ಬನಿಯ ಹನಿ ನೆಕ್ಕಿತು. ಇನ್ನೊಂದು ಹನಿ. ಮತ್ತೊಂದು. ಕಪ್ಪು ಕರಗಿತು, ಕಂದು ಕರಗಿತು, ಮೈತುಂಬ ಚಿಗುರಿನ ಹಸಿರು ಹಬ್ಬಿತು.

ಮಗಳನ್ನು ಹುಡುಕಿಕೊಂಡು ಅಪ್ಪ ಬಂದ. "ಮನೆಗೆ ತರೋದಿಲ್ವಾ?"

"ಇಲ್ಲಪ್ಪಾ," ಕೆಂಚಿ ಕಣ್ಣೊರೆಸಿಕೊಂಡಳು. "ಇಲ್ಲಿಗೇ ಬಂದು ನೋಡ್ಕೋತೀನಿ."

ಅದಕ್ಕೇ ಇವತ್ತಿಗೂ ಗೋಸುಂಬೆಯನ್ನು ಕೈಯಲ್ಲಿ ಹಿಡಿದರೆ ಅದು ಕಪ್ಪಗಾಗುತ್ತದೆ. ಕೊಂಬೆಗೆ ಬಿಟ್ಟು ದೂರ ನಿಂತು ನೋಡಿ, ಮೆಲ್ಲಮೆಲ್ಲಗೆ ಹಸಿರಾಗುತ್ತದೆ.