ಹಲಗೆ ಮೇಲೆ ಸಂಡಿಗೆ ಇಟ್ಟ ಹನುಮಕ್ಕ

ಹತ್ತಿರ ಬನ್ನಿ, ಮಂಡಿಗೆ ಮಂಡಿ ತಾಗಲಿ. ನಾನು ಹೇಳ್ತೀನಿ, ನೀವು ಹೂಂ ಅನ್ನಿ.

ಹನುಮಕ್ಕನಿಗೆ ಒಂದು ಹೊಸ ಮನೆ. ಮಣ್ಣಿನ ಗೋಡೆ, ಬೇಸಿಗೇಲೂ ತಂಪು. ಹೆಂಚಿನ ಸೂರು. ಸೂರಿನ ಮೇಲೆ ಕಪ್ಪನೆ ಸೋಲಾರ್ ಹಲಗೆ. ಕಾಲೇಜು ಮಕ್ಕಳು ತಾವೇ ಯೋಚಿಸಿ, ತಾವೇ ಕಟ್ಟಿಕೊಟ್ಟ ಮನೆ. ಅವರಲ್ಲಿ ಶಾಹಿದಾ ಅಂತ ಒಬ್ಬಳು. "ಅಕ್ಕಾ, ಹಲಗೆ ಮೇಲೆ ಏನೂ ಹರಡಬೇಡಿ" ಅಂದಿದ್ದಳು.

"ಅಯ್ಯೋ, ನಾನೇನು ಮಗುವಾ?" ಅಂದಿದ್ದಳು ಹನುಮಕ್ಕ.

ಇವತ್ತು ಬೆಳಿಗ್ಗೆ ಏನು ಮಾಡಿದಳು ಗೊತ್ತಾ? ಹಲಗೆ ಚೊಕ್ಕಟ. ಹಲಗೆ ಬಿಸಿ. ನಾಯಿ ಹತ್ತೋ ಹಾಗಿಲ್ಲ. ಏಣಿ ಹತ್ತಿ, ಹಲಗೆ ತುಂಬಾ ಬಟ್ಟೆ ಹಾಸಿ, ಸಂಡಿಗೆ ಇಟ್ಟುಬಿಟ್ಟಳು!

ಸಂಜೆ ನೋಡಿದರೆ ಕೋಳಿಮರಿ ಕಾಣೆ. ಒಳಕೋಣೆ ಕತ್ತಲೋ ಕತ್ತಲು. ತಾಯಿಕೋಳಿ ಕೊಕ್ಕೊಕ್ಕೋ ಅಂತ ಅಳ್ತಿತ್ತು. ಅಷ್ಟರಲ್ಲಿ ಮನೆ ನೋಡೋಕೆ ಶಾಹಿದಾ ಬಂದಳು. 

ಹನುಮಕ್ಕ ಗೊತ್ತಿದ್ದೂ ಗೊತ್ತಿಲ್ಲದವಳ ಹಾಗೆ ದೀಪವನ್ನ ಕೇಳಿದಳು:

"ದೀಪಾ, ದೀಪಾ, ಯಾಕೆ ಉರಿಯಲ್ಲ? ಮರಿ ಸಿಗಲ್ಲ."

"ಬ್ಯಾಟರಿ ಕರೆಂಟು ಕೊಡಲ್ಲ."

"ಬ್ಯಾಟರಿ, ಬ್ಯಾಟರಿ, ಯಾಕೆ ಕೊಡಲ್ಲ? ದೀಪ ಉರಿಯಲ್ಲ, ಮರಿ ಸಿಗಲ್ಲ."

"ವೈರು ತರಲ್ಲ."

"ಅಯ್ಯೋ, ವೈರು ಜೋಡಿಸಿದ್ದು ನಾನೇ ಅಕ್ಕಾ" ಅಂದಳು ಶಾಹಿದಾ. ಅವಳ ಮುಖ ಸಪ್ಪಗಾಯ್ತು.

ಹನುಮಕ್ಕ ವೈರಿನ ಕಡೆ ತಿರುಗಿಬಿಟ್ಟಳು. ನಾಚಿಕೆಗೆ ಕಿವಿ ಸುಡ್ತಿತ್ತು.

"ವೈರು, ವೈರು, ಯಾಕೆ ತರಲ್ಲ? ಬ್ಯಾಟರಿ ಕೊಡಲ್ಲ, ದೀಪ ಉರಿಯಲ್ಲ, ಮರಿ ಸಿಗಲ್ಲ."

"ಹಲಗೆ ಕಳಿಸಲ್ಲ."

ಹನುಮಕ್ಕ ಮೆಲ್ಲಗೆ ಹಿತ್ತಲಿಗೆ ಜಾರಿದಳು.

"ಹಲಗೆ, ಹಲಗೆ, ಯಾಕೆ ಕಳಿಸಲ್ಲ? ವೈರು ತರಲ್ಲ, ಬ್ಯಾಟರಿ ಕೊಡಲ್ಲ, ದೀಪ ಉರಿಯಲ್ಲ, ಮರಿ ಸಿಗಲ್ಲ."

"ಬಿಸಿಲು ಮುಟ್ಟಲ್ಲ."

"ಬಿಸಿಲೇ, ಬಿಸಿಲೇ, ಯಾಕೆ ಮುಟ್ಟಲ್ಲ? ಹಲಗೆ ಕಳಿಸಲ್ಲ, ವೈರು ತರಲ್ಲ, ಬ್ಯಾಟರಿ ಕೊಡಲ್ಲ, ದೀಪ ಉರಿಯಲ್ಲ, ಮರಿ ಸಿಗಲ್ಲ."

"ಸಂಡಿಗೆ ಏಳಲ್ಲ. ಬೇಗ ನೋಡು, ನಾನು ಮುಳುಗೋ ಹೊತ್ತಾಯ್ತು."

"ಸಂಡಿಗೆ, ಸಂಡಿಗೆ, ಯಾಕೆ ಏಳಲ್ಲ? ಬಿಸಿಲು ಮುಟ್ಟಲ್ಲ, ಹಲಗೆ ಕಳಿಸಲ್ಲ, ವೈರು ತರಲ್ಲ, ಬ್ಯಾಟರಿ ಕೊಡಲ್ಲ, ದೀಪ ಉರಿಯಲ್ಲ, ಮರಿ ಸಿಗಲ್ಲ."

"ಇಟ್ಟ ಕೈ ಎತ್ತಲ್ಲ."

ಇನ್ನು ಯಾರನ್ನ ಕೇಳೋದು? ಕೈ ತನ್ನದೇ!

ಒಳಗೆ ಶಾಹಿದಾ ಬಿಕ್ಕಿ ಬಿಕ್ಕಿ ಅಳ್ತಿದ್ದಳು. "ಎಲ್ಲಾ ನನ್ನಿಂದಲೇ ಹಾಳಾಯ್ತು. ಇನ್ನು ನಾನು ಯಾರಿಗೂ ಮನೆ ಕಟ್ಟಲ್ಲ."

ಹನುಮಕ್ಕನಿಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು. ಆದರೂ ಒಳಗೆ ಓಡಿದಳು.

"ಅಳಬೇಡ ಕಣಮ್ಮಾ. ನಿನ್ನ ತಪ್ಪಲ್ಲ. ಹಲಗೆ ಮೇಲೆ ಸಂಡಿಗೆ ಇಟ್ಟವಳು ನಾನೇ. ನೀನು ಬೇಡ ಅಂದಿದ್ದೆ, ನಾನು ಕೇಳಲಿಲ್ಲ. ನಿನ್ನ ಮುಖ ಸಪ್ಪಗಾದಾಗಲೂ ನಾನು ಹೇಳಲಿಲ್ಲ. ಥೂ, ನನಗೆ ನಾಚಿಕೆ ಆಗಬೇಕು."

ಹೇಳಿದವಳೇ ದಡದಡ ಏಣಿ ಹತ್ತಿದಳು.

ಕೈ ಎತ್ತಿತು. ಸಂಡಿಗೆ ಎದ್ದವು. ಬಿಸಿಲು ಮುಟ್ಟಿತು. ಹಲಗೆ ಕಳಿಸಿತು. ವೈರು ತಂದಿತು. ಬ್ಯಾಟರಿ ಕೊಟ್ಟಿತು. ದೀಪ ಉರಿಯಿತು. ಮರಿ ಸಿಕ್ಕಿತು! ರಾಗಿ ಮೂಟೆ ಹಿಂದೆ ಪಿಯ್ ಪಿಯ್ ಅಂತಿತ್ತು.

ಬೆಳಕಲ್ಲಿ ಹನುಮಕ್ಕನ ಮುಖವೂ ಕಂಡಿತು, ಪಾಪ, ಇಷ್ಟೇ ಇಷ್ಟಾಗಿತ್ತು. ಶಾಹಿದಾ ಕಣ್ಣು ಒರೆಸಿಕೊಂಡಳು. ಮರಿಯನ್ನ ಎತ್ತಿದಳು.

"ಹಿಡ್ಕೊಳ್ಳಿ ಅಕ್ಕಾ" ಅಂತ ಹನುಮಕ್ಕನ ಕೈಗೇ ಕೊಟ್ಟಳು.

ಆಗ ಹನುಮಕ್ಕ ಅತ್ತೇಬಿಟ್ಟಳು.