ಸದ್ದಿಲ್ಲದ ಹಗ್ಗ

ಹೊಳೆಯ ದಂಡೆಯಲ್ಲಿ ಓಬಜ್ಜ ಎಂಬ ಮುದಿ ಬೇಟೆಗಾರನಿದ್ದ. ಎಂಥ ಎತ್ತರದ ಮರವನ್ನೂ ಅವನು ಹಗ್ಗ ಹಿಡಿದು ಎಲೆ ಅಲುಗದಂತೆ ಹತ್ತುತ್ತಾನೆ, ಕೊಂಬೆಯ ಮೇಲೆ ಅವನು ಕೂತಿದ್ದರೆ ಕೆಳಗೆ ಹಾಯುವ ಮಿಗಕ್ಕೂ ತಿಳಿಯದು ಎಂದು ಸುತ್ತಲ ಹಟ್ಟಿಗಳಲ್ಲಿ ಹೆಸರಾಗಿದ್ದ.

ಒಂದು ಬೆಳಿಗ್ಗೆ ಅವನ ಗುಡಿಸಲಿನ ಮುಂದೆ ಸೂರಯ್ಯ ಬಂದು ಕೂತ. ದೂರದ ಹಟ್ಟಿಯವನು. ಗಡ್ಡ ಬೆಳೆದಿತ್ತು. ಹೆಗಲಲ್ಲಿ ಬಿಲ್ಲು, ಹೊಸ ಹಗ್ಗದ ಸುರುಳಿ.

ಬಂದ ಕಾರಣವನ್ನು ಅವನು ನೆಲ ನೋಡುತ್ತಲೇ ಹೇಳಿದ. ಮಳೆಗಾಲ ಶುರುವಾದಾಗ ಮಗಳು ಬೋರಿ ಒಂದು ಮುಸ್ಸಂಜೆ ಹೊತ್ತಲ್ಲಿ ಕರು ಕಟ್ಟಲು ದೊಡ್ಡಿಗೆ ಹೋಗಿದ್ದಳು. ಚಿರತೆ ಎತ್ತಿಕೊಂಡು ಹೋಯಿತು. ಕೆಸರಿನಲ್ಲಿ ಹೆಜ್ಜೆ ಮೂಡಿತ್ತು, ಬಲ ಮುಂಗಾಲಿನಲ್ಲಿ ಒಂದು ಬೆರಳು ಇರಲಿಲ್ಲ.

ಹಟ್ಟಿಯವರು ಮರದ ಮೇಲೆ ಅಟ್ಟಣೆ ಕಟ್ಟಿ ಕಾದರು. ಕಟ್ಟುವ ಸದ್ದಿಗೇ ಅದು ಅತ್ತ ಸುಳಿಯಲಿಲ್ಲ. ಆಮೇಲೆ ಸೂರಯ್ಯ ಒಬ್ಬನೇ ಹೋದ. ಅರ್ಧ ಮರ ಹತ್ತಿದ್ದಾಗ ಹಗ್ಗ ಕಿರುಗುಟ್ಟಿತು. ಪಕ್ಕದ ಪೊದೆಯಿಂದ ಏನೋ ಮೆಲ್ಲಗೆ ಸರಿದುಹೋಯಿತು. ಅಷ್ಟು ಹತ್ತಿರದಲ್ಲಿತ್ತು. ಆಮೇಲೆ ಅದು ಯಾರ ಕಣ್ಣಿಗೂ ಬೀಳಲಿಲ್ಲ.

"ಸದ್ದಿಲ್ದಂಗೆ ಹತ್ತೋದು ಕಲಿಸಜ್ಜ," ಎಂದ.

ಓಬಜ್ಜ ಅವನ ಹಗ್ಗವನ್ನು ಮೂಸಿ ನೋಡಿ, ಹೊಳೆಗೆ ಎಸೆದು, ಕಲ್ಲು ಹೇರಿದ. ನೆನೆಯಲಿ ಎಂದ.

ಹಗ್ಗ ನೆನೆದ ಮೇಲೆ ಅದನ್ನು ಬಂಡೆಗೆ ಬಡಿದು ಬಡಿದು ಮೆತ್ತಗೆ ಮಾಡುವ ಕೆಲಸ. ಅಂಗೈ ಸುಲಿಯಿತು. ಆಮೇಲೆ ಎಸೆಯುವ ಪಾಠ. ಸಣ್ಣ ದಾರದ ತುದಿಗೆ ಬಟ್ಟೆಯಲ್ಲಿ ಸುತ್ತಿದ ಕಲ್ಲು ಕಟ್ಟಿ ಕೊಂಬೆಯ ಮೇಲಿಂದ ಹಾಯಿಸಬೇಕು. ದಾರದ ಹಿಂದೆ ಕಂಬಳಿಯ ತುಂಡು ಸುತ್ತಿದ ಹಗ್ಗವನ್ನು ಎಳೆದುಕೊಳ್ಳಬೇಕು. ಕೊಂಬೆಗೆ ಕಂಬಳಿಯಷ್ಟೇ ತಾಗಬೇಕು, ಹಗ್ಗ ತಾಗಬಾರದು.

ದಂಡೆಯಲ್ಲಿ ಒಂದು ಹೊಳೆಮತ್ತಿ ಮರವಿತ್ತು. ಅದರ ತುದಿಯಲ್ಲಿ ಕೊಕ್ಕರೆಗಳು ಕೂರುತ್ತಿದ್ದವು. ಅವು ಹಾರದಂತೆ ಹತ್ತಿ ಇಳಿ ಎಂದ ಓಬಜ್ಜ.

ಸೂರಯ್ಯ ಹಗ್ಗಕ್ಕೆ ಕೈ ಹಾಕಿದರೆ ಸಾಕು, ಕೊಕ್ಕರೆಗಳು ಹಾರುತ್ತಿದ್ದವು. ದಿನವೂ ಹಾರಿದವು, ಚಳಿಗಾಲ ಕಳೆದರೂ ಹಾರಿದವು. ಕೊನೆಗೊಮ್ಮೆ ಅವನು ಹಗ್ಗ ಬಿಟ್ಟು ನೆಲಕ್ಕೆ ಕುಸಿದು ಕೂತ. ಓಬಜ್ಜ ಅವನ ಮುಷ್ಟಿ ಬಿಡಿಸಿ ನೋಡಿದ. ಉಗುರು ಅಂಗೈಗೆ ಇಳಿದಿತ್ತು.

"ನೀನು ಹಗ್ಗ ಹಿಡೀತಿಲ್ಲ. ಚಿರತೆ ಕುತ್ತಿಗೆ ಹಿಸುಕ್ತಿದೀಯ," ಎಂದ. "ಕುತ್ತಿಗೆ ಹಿಸುಕಿದ್ರೆ ಹಗ್ಗಾನೂ ಕೂಗುತ್ತೆ."

ಅಂದಿನಿಂದ ಸೂರಯ್ಯ ಚಿರತೆಯನ್ನು ನೆನೆಯದೆ ಹತ್ತಲು ನೋಡಿದ. ಅದು ಬಲು ಕಷ್ಟವಾಯಿತು. ಚಿರತೆಯನ್ನು ಬಿಟ್ಟರೆ ಬೋರಿ ಬರುತ್ತಿದ್ದಳು. ಬೋರಿಯನ್ನೂ ಬಿಟ್ಟ. ಮನಸ್ಸಿನಲ್ಲಿ ಏನೂ ಉಳಿಯದ ಮೇಲೆ ಕಾಲು ತಾನೇ ಹಗ್ಗವನ್ನು ಸುತ್ತಿಕೊಂಡಿತು, ಮೈ ತಾನೇ ಮೇಲೇರಿತು. ಒಂದು ಮಧ್ಯಾಹ್ನ ಅವನು ತುದಿ ತಲುಪಿ, ಹಗ್ಗ ಮೇಲೆಳೆದುಕೊಂಡು, ಕೊಕ್ಕರೆಗಳ ನಡುವೆ ಕೂತ. ಒಂದೂ ಕತ್ತು ತಿರುಗಿಸಲಿಲ್ಲ.

ಅದೇ ಹೊತ್ತಿಗೆ ಅವನ ಹೆಂಡತಿ ಚಿನ್ನವ್ವ ಹುಡುಕಿಕೊಂಡು ಬಂದಳು.

ಮರದ ಬುಡದಲ್ಲೇ ನಿಂತು ಅವಳು ಓಬಜ್ಜನಿಗೆ ಹೇಳಿದ್ದೆಲ್ಲ ಮೇಲೆ ಕೂತವನಿಗೆ ಕೇಳಿಸಿತು. ಮನೆಯೊಳಗೆ ಒಬ್ಬಳೇ ಇರಲು ಆಗುತ್ತಿಲ್ಲವಂತೆ. ಎಸರು ಇಡುವಾಗ ಮೂವರಿಗೆ ಇಟ್ಟುಬಿಡುತ್ತಾಳಂತೆ. ಚಿರತೆ ಸಿಗದಿದ್ದರೆ ಬೇಡ, ಅವನು ಬರಲಿ ಎಂದಳು.

ಓಬಜ್ಜ ಮೇಲೆ ನೋಡಲಿಲ್ಲ. ಬೇಕಾದವನು ತಾನೇ ಇಳಿದು ಬರಲಿ ಎಂದು ಸುಮ್ಮನಿದ್ದ.

ಸೂರಯ್ಯ ಇಳಿಯಲಿಲ್ಲ. ಇಳಿದರೆ ಅವಳ ಮುಖ ನೋಡಬೇಕು. ಅವಳು ಅತ್ತಿತ್ತ ಕಣ್ಣಾಡಿಸಿದಳು, ಹೊಳೆಯ ಕಡೆ ನೋಡಿದಳು, ಸೆರಗಿನಲ್ಲಿ ಕಟ್ಟಿ ತಂದಿದ್ದ ರೊಟ್ಟಿಯನ್ನು ಬುಡದಲ್ಲಿಟ್ಟು ಹೋದಳು. ಅವನು ಉಸಿರು ಹಿಡಿದು, ಅವಳ ಬೆನ್ನು ಮರೆಯಾಗುವತನಕ ನೋಡಿದ.

ಕೆಳಗೆ ಬಂದಾಗ ಓಬಜ್ಜ ಅವನ ಮುಖ ನೋಡಿ ಹೇಳಿದ: "ಕಟ್ಕಂಡವಳಿಗೂ ಕೇಳಿಸ್ಲಿಲ್ಲ. ಇನ್ನು ನಾನು ಕಲಿಸೋದು ಏನೂ ಇಲ್ಲ."

ಸೂರಯ್ಯ ಆ ಮಾತನ್ನು ಮೆಚ್ಚುಗೆ ಎಂದುಕೊಂಡ. ಬೆಳಗಾದರೆ ಹೊರಡುವುದೆಂದು ಬಾಣಗಳನ್ನು ಮಸೆಯಲು ಕೂತ.

ಹೊರಡುವ ಮೊದಲೇ ಕುರಿ ಕಾಯುವವನೊಬ್ಬ ಹೊಳೆಯಲ್ಲಿ ಕುರಿಗಳಿಗೆ ನೀರು ಕುಡಿಸಲು ಬಂದ. ಆಚೆ ಹಟ್ಟಿಯ ಪಾಳುಬಾವಿಯ ಸುದ್ದಿ ಅವನೇ ಹೇಳಿದ. ಬೇಸಿಗೆಗೆ ನೀರು ಇಂಗಿ ತಳ ಕಂಡಾಗ ಅಲ್ಲೊಂದು ಚಿರತೆಯ ಮೂಳೆ, ತೊಗಲು ಇತ್ತಂತೆ. ಬಿದ್ದು ಸತ್ತು ಎಷ್ಟೋ ಕಾಲವಾಗಿರಬೇಕು, ಹೋದ ಮಳೆಗಾಲದ್ದೇ ಇರಬೇಕು ಎಂದ.

ಸೂರಯ್ಯ ಎದ್ದು ಹೋದ. ಬಾವಿಗಿಳಿದು ತೊಗಲು ಸರಿಸಿ ನೋಡಿದ. ಬಲ ಮುಂಗಾಲಿನಲ್ಲಿ ಒಂದು ಬೆರಳು ಇರಲಿಲ್ಲ.

ಕೈಯಲ್ಲಿ ಹಿಡಿದು ನೋಡಿದ. ಹಗುರವಾಗಿತ್ತು. ಅವನು ಹಗ್ಗ ಬಡಿಯುತ್ತಿದ್ದಾಗ, ಅಂಗೈ ಸುಲಿದಾಗ, ಬೋರಿಯ ನೆನಪನ್ನು ಕೂಡ ತಳ್ಳಿ ಮೇಲೇರಿದಾಗ, ಅದು ಸತ್ತು ಈ ಕೆಸರಿನಲ್ಲಿ ಬಿದ್ದಿತ್ತು. ಯಾರೂ ಅದನ್ನು ಕೊಂದಿರಲಿಲ್ಲ. ಬಾವಿ ಕಾಣದೆ ಬಿದ್ದಿತ್ತು, ಅಷ್ಟೇ.

ಹೊತ್ತು ಇಳಿಯುವಾಗ ಅವನು ದಂಡೆಗೆ ಮರಳಿದ. ನೇರ ಹೋಗಿ ಹೊಳೆಮತ್ತಿ ಮರ ಹತ್ತಿದ. ಹಗ್ಗವನ್ನು ಮೇಲೆಳೆದುಕೊಂಡು ಮಡಿಲಲ್ಲಿಟ್ಟುಕೊಂಡ.

ಕತ್ತಲಾಯಿತು. ಅವನು ಅಳಲಿಲ್ಲ. ಬೋರಿಯ ಮುಖವನ್ನು ನೆನೆಯಲು ನೋಡಿದ. ದೊಡ್ಡಿಯ ಬಾಗಿಲು ಕಂಡಿತು, ಕರು ಕಂಡಿತು, ಮುಖ ಮಾತ್ರ ಬರಲಿಲ್ಲ. ಅಷ್ಟು ಚೆನ್ನಾಗಿ ಕಲಿತಿದ್ದ.

ಬೆಳಕು ಹರಿದಾಗ ಓಬಜ್ಜ ಬುಡದಲ್ಲಿ ಕೂತಿದ್ದ. ರಾತ್ರಿಯೆಲ್ಲ ಅಲ್ಲೇ ಇದ್ದನೆಂಬುದು ಅವನ ಕಂಬಳಿಯ ಮೇಲಿನ ಇಬ್ಬನಿಯಿಂದ ತಿಳಿಯುತ್ತಿತ್ತು.

"ಹಗ್ಗ ಬಿಡು, ಸೂರ," ಎಂದ.

ಸೂರಯ್ಯ ಬಿಡಲಿಲ್ಲ. ಬಿಸಿಲು ನೀರಿಗಿಳಿಯಿತು. ಬಹಳ ಹೊತ್ತಿನ ಮೇಲೆ ಮೇಲಿನಿಂದ ಒಣಗಿದ ದನಿ ಬಂತು.

"ಇಳಿದು ಏನ್ ಮಾಡ್ಲಿ ಅಜ್ಜ?"

ಓಬಜ್ಜ ಹೊಳೆ ನೋಡುತ್ತ ಕೂತಿದ್ದ. ತಲೆ ಎತ್ತದೆಯೇ ಹೇಳಿದ:

"ಮಗನ್ನ ಮಣ್ಣು ಮಾಡಿ ಬಂದ ಮಾರನೆ ದಿನ ನಾನೂ ಮರ ಹತ್ತಿ ಕೂತು ಇದನ್ನೇ ಕೇಳ್ಕಂಡೆ. ಏನೂ ಹೊಳೀಲಿಲ್ಲ. ಹಸಿವಾಯ್ತು, ಇಳಿದೆ."